ವಿಶ್ರಾಂತ ವಿದ್ವಾಂಸರೂ ಸಂಶೋಧನ ವ್ಯವಸಾಯವೂ: ಮಾಕವಳ್ಳಿಯ ಸುತ್ತಣ ನಾಡಿನ ನಿದರ್ಶನಗಳು

ವಯೋನಿಯಮಾನುಸಾರವಾಗಿ ಅಧ್ಯಾಪನವೃತ್ತಿಯಿಂದ ಹೊರಬಂದವರನ್ನು ಕನ್ನಡದಲ್ಲಿ ಎರಡು ಶಬ್ದಗಳಿಂದ ನಿರ್ದೇಶಿಸುವ ರೂಢಿಯುಂಟು: ನಿವೃತ್ತರೆಂದು, ವಿಶ್ರಾಂತರೆಂದು. ಮೊದಲನೆಯದು ಪ್ರವೃತ್ತಿಯೆಂಬುದಕ್ಕೆ ಎದುರಾದ ಮಾತು. ಕರ್ಮದಿಂದ ಹಿಂದಕ್ಕೆ ತಿರುಗಿದವನೆಂದು ಅದರ ಶಾಸ್ತ್ರೀಯವಾದ ಅರ್ಥ. ಎರಡನೆಯದು ದಣಿದು ಕುಳಿತವನನ್ನು ಹೇಳುತ್ತದೆ. ಪಿಂಚಣಿಗೆ ವಿಶ್ರಾಂತಿವೇತನವೆಂಬ ಹೆಸರು ನಿಂತದ್ದೂ ಈ ಎರಡನೆಯ ಭಾವನೆಯಿಂದಲೇ. ಲೋಕವ್ಯವಹಾರಕ್ಕೆ ಈ ಶಬ್ದಗಳು ಸಾಕು. ಆದರೆ ಕನ್ನಡ ವಿದ್ವತ್ತಿನ ಚರಿತ್ರೆಯನ್ನು ತೆರೆದು ನೋಡಿದವರಿಗೆ ಇವು ಹಲವೆಡೆಗಳಲ್ಲಿ ಹೊಂದದೆ ಹೋಗುವುವು. ನಮ್ಮ ನುಡಿಯ ಆಧಾರಗ್ರಂಥಗಳಲ್ಲಿ ಅತಿ ಮುಖ್ಯವಾದ ಕೆಲವು, ಅವುಗಳ ಕರ್ತೃಗಳು ಸಂಬಳದ ಕೆಲಸವನ್ನು ಬಿಟ್ಟ ಮೇಲೆಯೇ ಪೂರ್ಣವಾದುವು. ಕೆಲವು ಆ ಬಳಿಕವೇ ಪ್ರಾರಂಭವಾದುವು. ಇದು ಕಾಕತಾಳೀಯವೆ, ಅಥವಾ ಆ ಕೆಲಸಗಳ ಸ್ವಭಾವದಲ್ಲಿಯೇ ಅಡಗಿರುವ ಕಾರಣವೊಂದುಂಟೆ ಎಂಬುದು ವಿಚಾರಾರ್ಹವಾದ ವಿಷಯ.

ಈ ವಿಚಾರಕ್ಕೆ ದೂರ ಹೋಗಬೇಕಾದುದಿಲ್ಲ. ಹಿಂದೆ ಅತ್ತಿಕುಪ್ಪೆಯೆಂದು ಹೆಸರಾಗಿದ್ದ ಕೃಷ್ಣರಾಜಪೇಟೆಯ ತಾಲ್ಲೂಕಿನ ಮಾಕವಳ್ಳಿಯನ್ನು ನಡುವಿಟ್ಟುಕೊಂಡು, ಅದರ ಸುತ್ತಣ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣಗಳೆಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಮಾತ್ರ ನೋಡಿದರೂ ಸಾಕಷ್ಟು ಸಾಮಗ್ರಿ ದೊರೆಯುವುದು. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು ಎ. ಎನ್. ಮೂರ್ತಿರಾಯರ ಊರು. ನಾಗಮಂಗಲದ ತಾಲ್ಲೂಕಿನ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರದಲ್ಲಿಯೇ ನಿಂತಿದೆ. ಶ್ರೀರಂಗಪಟ್ಟಣದ ಬಳಿಯ ಮಂಡ್ಯದ ಕೊಪ್ಪಲು ರಾವ್ ಬಹಾದೂರ್ ಆರ್. ನರಸಿಂಹಾಚಾರ್ಯರ ಜನ್ಮಸ್ಥಳ. ಕಾವೇರಿಯ ದ್ವೀಪದೊಳಗಣ ಗಂಜಾಂ ಜಿ. ವೆಂಕಟಸುಬ್ಬಯ್ಯನವರ ಮನೆತನದ ಊರು. ಈ ನಾಲ್ವರೂ ಒಂದಲ್ಲ ಒಂದು ಕಾಲದಲ್ಲಿ ವಿದ್ಯಾಭ್ಯಾಸದ ಕ್ಷೇತ್ರದಲ್ಲಿದ್ದವರು. ನಾಲ್ವರೂ ಉದ್ಯೋಗವನ್ನು ಬಿಟ್ಟ ಮೇಲೆ ದುಡಿದವರು. ಆದರೆ ದುಡಿದ ಬಗೆ ಒಬ್ಬೊಬ್ಬರದು ಒಂದೊಂದು. ಅದರ ಫಲವೂ ಸಮವಾಗಿಲ್ಲ.

ಕಾಲಾನುಕ್ರಮದಲ್ಲಿ ಮೊದಲು ಹೇಳಬೇಕಾದವರು ನರಸಿಂಹಾಚಾರ್ಯರು. ೧೮೬೦ರಲ್ಲಿ ಹುಟ್ಟಿದ ಇವರು ೧೯೦೬ರಲ್ಲಿ ಬಿ. ಎಲ್. ರೈಸರ ತರುವಾಯ ಮೈಸೂರು ಪ್ರಾಕ್ತನ ವಿಮರ್ಶ ಇಲಾಖೆಯ ಆಡಳಿತವನ್ನು ವಹಿಸಿಕೊಂಡು ೧೯೨೨ರ ವರೆಗೆ ಅದನ್ನು ನಡೆಸಿದರು. ರೈಸರೂ ಮೊದಲು ವಿದ್ಯಾಭ್ಯಾಸದ ಇಲಾಖೆಯಲ್ಲಿದ್ದವರೇ. ೧೯೦೬ರಲ್ಲಿ ಕೆಲಸದಿಂದ ಬಿಡುಗಡೆ ಹೊಂದಿ ಸ್ವದೇಶಕ್ಕೆ ಹೋದ ಮೇಲೆ, ತಾವು ಸಂಪಾದಿಸಿದ ಸಾವಿರಾರು ಶಾಸನಗಳಿಂದ ಮೈಸೂರು ಕೊಡಗುಗಳ ಚರಿತ್ರೆಯನ್ನು ಸಂಗ್ರಹಿಸಿ ೧೯೦೯ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಎಂದರೆ, ಇಲಾಖೆಯ ಹಿರಿಯನು ಹೊರಟ ಮೇಲೂ ಶಾಸನಗಳನ್ನು ಬಿಡಲಿಲ್ಲವೆಂಬ ನಿದರ್ಶನ ನರಸಿಂಹಾಚಾರ್ಯರ ಕಣ್ಣ ಮುಂದೆಯೇ ಇದ್ದಿತು.

ನರಸಿಂಹಾಚಾರ್ಯರ ಹೆಸರನ್ನು ಉಳಿಸಿರುವ ‘ಕರ್ಣಾಟಕ ಕವಿಚರಿತೆ’ಯ ಪ್ರಕಟಣೆಯ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಶೇಷ ಕಾಣುವುದು. ಮೊದಲ ಸಂಪುಟವು ಎಸ್. ಜಿ. ನರಸಿಂಹಾಚಾರ್ಯರ ಸಹಕರ್ತೃತ್ವದಿಂದ ೧೯೦೭ರಲ್ಲಿ ಹೊರಬಂದಿತು, ಎರಡನೆಯದು ೧೯೧೯ರಲ್ಲಿ. ಇವೆರಡೂ ಉದ್ಯೋಗಕಾಲದವು. ೧೯೨೨ರಲ್ಲಿ ವಿಶ್ರಾಂತರಾದ ಎರಡೇ ವರ್ಷಗಳಲ್ಲಿ, ೧೯೨೪ರಲ್ಲಿ, ಮೊದಲ ಸಂಪುಟದ ಪರಿಷ್ಕೃತ ಮುದ್ರಣ. ೧೯೨೯ರಲ್ಲಿ, ಅವರ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂರನೆಯ ಸಂಪುಟ. ೧೯೩೪ರಲ್ಲಿ ವಿಶ್ವವಿದ್ಯಾನಿಲಯದ ಉಪನ್ಯಾಸಗಳಿಂದ ಸಿದ್ಧವಾದ, ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತ ಇಂಗ್ಲಿಷ್ ಗ್ರಂಥ. ೧೯೩೬ರಲ್ಲಿ ಅವರು ಕಾಲವಾದರು.

ಇವುಗಳಲ್ಲಿ ಅಧ್ಯಾಪಕರು ಗಮನಿಸಬೇಕಾದುದು ೧೯೨೪ರ ಪರಿಷ್ಕರಣ. ಹೊಸ ಗ್ರಂಥವನ್ನು ಬರೆಯುವ ಉತ್ಸಾಹ ಅನೇಕರಿಗೆ ಉಂಟು. ಹದಿನೇಳು ವರ್ಷ ಹಿಂದೆ ತಾವೇ ಅಚ್ಚು ಹಾಕಿಸಿದ, ಎಲ್ಲರೂ ಪ್ರಮಾಣವೆಂದು ಒಪ್ಪಿಕೊಂಡಿದ್ದ ಪುಸ್ತಕವನ್ನು ಮತ್ತೆ ಮೊದಲಿನಿಂದ ತಿದ್ದುವ ಸಹನೆ ಅಪರೂಪ. ಕವಿಚರಿತೆಯಂಥ ಗ್ರಂಥದಲ್ಲಿ ಒಬ್ಬ ಕವಿಯ ಕಾಲವು ಒಂದು ಶಾಸನದಿಂದಲೋ ಮತ್ತೊಬ್ಬ ಕವಿ ಮಾಡಿದ ಸ್ಮರಣೆಯಿಂದಲೋ ನಿರ್ಣಯವಾಗುತ್ತದೆ. ಹೊಸದೊಂದು ಆಧಾರ ಸಿಕ್ಕಿ ಒಬ್ಬನ ಕಾಲ ಐವತ್ತು ವರ್ಷ ಹಿಂದಕ್ಕೆ ಸರಿದರೆ, ಅವನನ್ನು ಹೊಗಳಿದವರ, ಅವನು ಹೊಗಳಿದವರ ಕಾಲಗಳೆಲ್ಲ ಅಲುಗುವುವು. ಇಂಥ ಕೆಲಸಕ್ಕೆ ಬೇಕಾದುದು ಎಡೆಬಿಡದ ದಿನಗಳು. ಇಲಾಖೆಯ ವಾರ್ಷಿಕ ವರದಿ, ಸಂಚಾರ, ಪತ್ರವ್ಯವಹಾರಗಳ ನಡುವೆ ಸಾಮಗ್ರಿಯನ್ನು ಕೂಡಿಸಬಹುದು. ಕೂಡಿಸಿದುದನ್ನು ಒಂದಕ್ಕೊಂದು ತಾಳೆ ನೋಡುವುದಕ್ಕೆ ಮನೆಯ ಬಿಡುವೇ ಬೇಕು. ಆದರೆ ಆ ಬಿಡುವು ಬಂದಾಗ ಸಾಮಗ್ರಿ ಕೈಯಲ್ಲಿದ್ದಿತು ಎಂಬುದನ್ನು ಮರೆಯಬಾರದು. ಮೂವತ್ತು ವರ್ಷ ಏನನ್ನೂ ಕೂಡಿಸದೆ, ‘ಪಿಂಚಣಿಯಾದ ಮೇಲೆ ನೋಡೋಣ’ ಎಂದು ಇರುವವರಿಗೆ ಕವಿಚರಿತೆಯ ನಿದರ್ಶನ ಒದಗುವುದಿಲ್ಲ.

ಶ್ರೀಕಂಠಯ್ಯನವರ ದಾರಿ ಬೇರೆ. ಮಹಾರಾಜರ ಕಾಲೇಜಿನಲ್ಲಿ ದೀರ್ಘಕಾಲ ಇಂಗ್ಲಿಷನ್ನು ಬೋಧಿಸಿ, ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿಯೂ ಇದ್ದ ಇವರು ಉದ್ಯೋಗದ ಕೊನೆಯ ವರ್ಷಗಳಿಂದ ಮುಂದಕ್ಕೆ ತಮ್ಮ ಶಕ್ತಿಯನ್ನೆಲ್ಲ ಸಂಸ್ಥೆಗಳಿಗೆ ಧಾರೆಯೆರೆದರು. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆಯ ಕಾಲದಲ್ಲಿ ‘ಕನ್ನಡ ನುಡಿ’ ಪತ್ರಿಕೆ, ಪರಿಷತ್ತಿನ ಅಚ್ಚುಕೂಟ, ಮಹಿಳಾ ಶಾಖೆ, ಕನ್ನಡ ಪರೀಕ್ಷೆಗಳು ಇವೆಲ್ಲಕ್ಕೂ ಅವರ ಕೈಯಿದ್ದಿತು. ಪಾಠಶಾಲೆಯ ಮೆಟ್ಟಿಲನ್ನು ಬಹುಕಾಲ ಹತ್ತಲಾರದೆ ಹೋದ ಗೃಹಸ್ಥರೂ ಗೃಹಿಣಿಯರೂ ಆ ಪರೀಕ್ಷೆಗಳ ನೆವದಿಂದ ಹಳಗನ್ನಡ ಕಾವ್ಯದ ಬಾಗಿಲಿಗೆ ಬಂದರು. ಸ್ವಯಂಸೇವೆಯೆಂದರೆ ಇದೇ ಸರಿ: ವಿಶ್ವವಿದ್ಯಾನಿಲಯವು ಒಳಕ್ಕೆ ಬಿಟ್ಟುಕೊಳ್ಳದವರ ಬಳಿಗೆ ವಿಶ್ವವಿದ್ಯಾನಿಲಯದ ಅಧ್ಯಾಪಕನು ತಾನೇ ಹೋಗುವುದು.

೧೯೪೪ರಲ್ಲಿ ಅವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಮಂಡಲಿಯ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಮೈಸೂರಿನ ರಾಜ್ಯವೂ ಮುಂಬಯಿಯ ಪ್ರಾಂತವೂ ಬೇರೆ ಬೇರೆಯಾಗಿದ್ದ ಆ ದಿನಗಳಲ್ಲಿ ಅರುವತ್ತರ ಒಬ್ಬ ಮೈಸೂರಿಗನು ಅಲ್ಲಿ ಹೋಗಿ ಕಾಲೇಜು ಕಟ್ಟಲು ನಿಂತುದು ಏಕೀಕರಣಕ್ಕೆ ಹನ್ನೆರಡು ವರ್ಷ ಮುಂಚಿತವಾಗಿ ನಡೆದ ಏಕೀಕರಣದ ಕೆಲಸ. ೧೯೪೬ರ ಜನವರಿ ೫ರಂದು, ಆ ಕೆಲಸದಲ್ಲಿ ಇರುವಾಗಲೇ, ಅವರು ಧಾರವಾಡದಲ್ಲಿ ತೀರಿಕೊಂಡರು. ಅವರ ಕೊನೆಯ ವರ್ಷಗಳು ಸಭೆ, ಸಂಚಾರ, ಆಡಳಿತಗಳಿಗೆ ಸಂದುಹೋದುವೆಂದೂ, ಅವರಿಂದ ಬರಬೇಕಾಗಿದ್ದಷ್ಟು ಬರೆಹ ಬರಲಿಲ್ಲವೆಂದೂ ವ್ಯಸನಪಡುವವರು ಉಂಟು. ಆ ವ್ಯಸನ ನ್ಯಾಯವಾದುದೇ. ಆದರೆ ನರಸಿಂಹಾಚಾರ್ಯರ ಮೂರನೆಯ ಸಂಪುಟವನ್ನು ಓದಿ ತಿಳಿಯಬಲ್ಲ ಜನರನ್ನು ಯಾರಾದರೂ ಸಿದ್ಧಮಾಡಬೇಕಷ್ಟೆ. ಮೇಜಿನ ಮುಂದಿನ ಕೆಲಸಕ್ಕೂ ಮಂದಿಯ ನಡುವಿನ ಕೆಲಸಕ್ಕೂ ತಾರತಮ್ಯವನ್ನು ಕಲ್ಪಿಸುವುದು ಅಷ್ಟು ಸುಲಭವಲ್ಲ.

ಮೂರ್ತಿರಾಯರದು ಈ ಎರಡಕ್ಕೂ ಸೇರದ ಪಂಗಡ. ೧೯೦೦ರಲ್ಲಿ ಜನಿಸಿ ೨೦೦೩ರ ವರೆಗೆ ಬಾಳಿದ ಈ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಉದ್ಯೋಗಕಾಲಕ್ಕಿಂತ ಉದ್ಯೋಗೋತ್ತರ ಕಾಲವೇ ದೀರ್ಘವಾಗಿದ್ದಿತು. ‘ಚಿತ್ರಗಳು ಪತ್ರಗಳು’ ಎಂಬ ಕೃತಿಗೆ ೧೯೭೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ‘ದೇವರು’ ೧೯೯೧ರಲ್ಲಿ ಹೊರಬಂದಾಗ ತೊಂಬತ್ತು ಕಳೆದಿದ್ದಿತು. ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಮನುಷ್ಯನು ನಂಬಿಕೆಗಳಿಗೆ ಮರಳುವನೆಂದು ಹೇಳುವುದುಂಟು. ಇವರು ಅವನ್ನು ಒಂದೊಂದಾಗಿ ಕೈಗೆತ್ತಿಕೊಂಡು ಪ್ರಶ್ನಿಸಿದರು. ಗ್ರಂಥದ ಸಿದ್ಧಾಂತವನ್ನು ಒಪ್ಪುವುದು ಬಿಡುವುದು ಓದುಗರ ಪಾಲಿನದು. ಯಾರ ಒಲವನ್ನೂ ನಿರೀಕ್ಷಿಸಬೇಕಾಗಿಲ್ಲದ ವಿಶ್ರಾಂತನ ಸ್ವಾತಂತ್ರ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡದಲ್ಲಿ ಹೆಚ್ಚಾಗಿಲ್ಲ.

ಇನ್ನು ಗಂಜಾಮಿನ ವೆಂಕಟಸುಬ್ಬಯ್ಯನವರ ವಿಷಯ. ಪ್ರಕೃತ ವಿಚಾರಕ್ಕೆ ಇವರ ಜೀವಿತವೇ ಮುಖ್ಯವಾದ ಆಧಾರವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ೧೯೧೩ರ ಆಗಸ್ಟ್ ೨೩ರಂದು ಜನಿಸಿದ ಇವರು ಮೈಸೂರಿನಲ್ಲಿ ಕನ್ನಡ ಎಂ. ಎ. ಪದವಿಯನ್ನು ಪಡೆದು, ಮಂಡ್ಯದಲ್ಲಿ ಶಾಲಾಧ್ಯಾಪಕರಾಗಿ, ಬಳಿಕ ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಬಹುವರ್ಷ ಬೋಧಿಸಿ, ೧೯೭೦ರ ದಶಕದ ಮೊದಲ ಭಾಗದಲ್ಲಿ ನಿವೃತ್ತರಾದರು. ೧೯೬೪ರಿಂದ ೧೯೬೯ರ ವರೆಗೆ ಪರಿಷತ್ತಿನ ಅಧ್ಯಕ್ಷರೂ ಆಗಿದ್ದರು. ೨೦೨೧ರ ಏಪ್ರಿಲ್ ೧೯ರಂದು, ನೂರ ಏಳರ ವಯಸ್ಸಿನಲ್ಲಿ, ದಿವಂಗತರಾದರು. ನಿವೃತ್ತಿಯ ಅನಂತರ ಸುಮಾರು ನಲವತ್ತೇಳು ವರ್ಷ ಉಳಿದಿದ್ದಿತೆಂದಾಯಿತು. ಈ ಅವಧಿಯೊಳಗೆ ಕನ್ನಡ ಕೋಶವಿಜ್ಞಾನದ ಬಹುಭಾಗ ಅಡಕವಾಗಿದೆ.

ಪರಿಷತ್ತಿನ ‘ಕನ್ನಡ ನಿಘಂಟು’ವಿನ ಕಾರ್ಯ ೧೯೪೦ರ ದಶಕದಲ್ಲಿ ಮೊದಲಾಯಿತು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ಕೋಶವು ಕನ್ನಡ ಶಬ್ದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹೇಳುವಂಥದು. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ, ಪ್ರತಿಯೊಂದು ಅರ್ಥಕ್ಕೂ ಶಾಸನದಿಂದಲೋ ಕಾವ್ಯದಿಂದಲೋ ಪ್ರಯೋಗವನ್ನು ಕೊಡುವ ಚಾರಿತ್ರಿಕ ಕೋಶ ಬೇಕೆಂದು ಹಿರಿಯರು ಸಂಕಲ್ಪಿಸಿದರು. ಇಂಗ್ಲೆಂಡಿನಲ್ಲಿ ಇಂಥದೇ ಕೋಶವೊಂದರ ಸಂಕಲ್ಪವನ್ನು ಅಲ್ಲಿನ ಭಾಷಾಶಾಸ್ತ್ರ ಸಂಘವು ೧೮೫೭ರಲ್ಲಿ ಮಾಡಿ, ಕೆಲಸವು ೧೯೨೮ರಲ್ಲಿ ಮುಗಿದಿದ್ದಿತು. ಸಂಬಳವಿಲ್ಲದೆ ಪುಸ್ತಕಗಳನ್ನು ಓದಿ ಚೀಟಿಗಳನ್ನು ಬರೆದು ಕಳುಹಿಸಿದ ಸಾವಿರಾರು ವಾಚಕರ ಮೇಲೆ ಆ ಕೋಶ ನಿಂತಿದೆ.

ಚೀಟಿಯ ಕೆಲಸವನ್ನು ಅರಿಯದವರಿಗೆ ಅದು ಎಷ್ಟು ನಿಧಾನವಾದುದೆಂಬುದು ತಿಳಿಯದು. ಒಂದು ಗ್ರಂಥವನ್ನು ಓದುತ್ತ, ಪ್ರತಿಯೊಂದು ಪದಕ್ಕೂ ಒಂದೊಂದು ಚೀಟಿಯನ್ನು ಇಟ್ಟು, ಅದರಲ್ಲಿ ಪದ, ಅದು ಬಂದ ವಾಕ್ಯ ಅಥವಾ ಪದ್ಯಭಾಗ, ಗ್ರಂಥದ ಹೆಸರು, ಆಶ್ವಾಸ, ಪದ್ಯದ ಸಂಖ್ಯೆ ಇವನ್ನು ಬರೆಯಬೇಕು. ಹೀಗೆ ನೂರಾರು ಗ್ರಂಥಗಳಿಂದ ಬಂದ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಒಂದೇ ಪದದ ಚೀಟಿಗಳನ್ನು ಹರಡಿಕೊಂಡು ಎಷ್ಟು ಅರ್ಥಗಳಿವೆ, ಯಾವುದು ಮೊದಲು, ಯಾವುದು ಅದರಿಂದ ಹುಟ್ಟಿದುದು ಎಂದು ನಿರ್ಣಯಿಸಬೇಕು. ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿರುವ ಜ್ಞಾತಿಪದಗಳನ್ನು ಕೂಡಿಸಬೇಕು. ಪಾಠವು ತಪ್ಪಾಗಿ ಅಚ್ಚಾಗಿದ್ದರೆ ಇಲ್ಲದ ಶಬ್ದವೊಂದು ಕೋಶಕ್ಕೆ ನುಗ್ಗಿಬಿಡುವುದು. ಆದುದರಿಂದ ಸಂದೇಹ ಬಂದಾಗಲೆಲ್ಲ ಹಸ್ತಪ್ರತಿಯನ್ನು ನೋಡಬೇಕು. ದಿನವಿಡೀ ದುಡಿದು ಎರಡು ಮೂರು ಪದಗಳು ಮುಗಿದರೆ ಅದೇ ಲಾಭ.

ಈ ಕೋಶದ ಮೊದಲ ಸಂಪುಟ ೧೯೭೦ರಲ್ಲಿ ಹೊರಬಂದಿತು. ಅದನ್ನು ನಡೆಸಿದ ಡಿ. ಎಲ್. ನರಸಿಂಹಾಚಾರ್ಯರು ೧೯೭೧ರಲ್ಲಿಯೇ ಕಾಲವಾದರು. ಅ ಕಾರದಿಂದ ಹೊರಟ ಬಂಡಿ ಕಕಾರದ ಬಳಿಗೆ ಬರುವಷ್ಟರಲ್ಲಿ ಸಾರಥಿಯನ್ನು ಕಳೆದುಕೊಂಡಂತಾಯಿತು. ಆ ಎಡೆಯಲ್ಲಿ ಕೆಲಸವು ನಿಂತುಹೋಗದೆ, ವೆಂಕಟಸುಬ್ಬಯ್ಯನವರು ಸಂಪಾದಕ ಮಂಡಲಿಯ ಮುಂದಾಳ್ತನವನ್ನು ಹೊತ್ತು ನಡೆಸಿದುದರಿಂದ ೧೯೯೫ರ ಹೊತ್ತಿಗೆ ಎಂಟು ಸಂಪುಟಗಳೂ ಮುಗಿದುವು. ಅರ್ಧ ಶತಮಾನದ ಕೆಲಸ! ಯಾವ ಪ್ರಾಧ್ಯಾಪಕನ ಉದ್ಯೋಗಾವಧಿಯೂ ಇಷ್ಟು ಉದ್ದವಿಲ್ಲ. ವಿದ್ಯಾಸಂಸ್ಥೆಗಳ ಲೆಕ್ಕಾಚಾರ ವರ್ಷದ್ದು, ಹೆಚ್ಚೆಂದರೆ ಐದು ವರ್ಷದ್ದು. ಕೋಶದ ಲೆಕ್ಕಾಚಾರ ತಲೆಮಾರಿನದು. ಇವೆರಡರ ನಡುವಣ ಅಂತರವನ್ನು ತುಂಬಿದವರು ಉದ್ಯೋಗದ ಗಡುವನ್ನು ದಾಟಿದ ಮೇಲೂ ಚೀಟಿಗಳ ಮುಂದೆ ಕುಳಿತವರೇ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿರುವಂತೆ ತೋರುತ್ತದೆ.

ಆದರೆ ಇದರ ಮತ್ತೊಂದು ಮುಖವನ್ನೂ ನೋಡಬೇಕು. ವೆಂಕಟಸುಬ್ಬಯ್ಯನವರು ಒಬ್ಬರೇ ಮನೆಯಲ್ಲಿ ಕುಳಿತಿದ್ದರೆ ಈ ಕೋಶ ಆಗುತ್ತಿರಲಿಲ್ಲ. ಪರಿಷತ್ತು ಚೀಟಿಗಳನ್ನು ಕಾಯ್ದಿತು. ಕೆಲಸಗಾರರಿಗೆ ಸ್ಥಳವನ್ನು ಕೊಟ್ಟಿತು. ಸರ್ಕಾರ ಹಣವನ್ನು ಒದಗಿಸಿತು. ವಿಶ್ರಾಂತ ವಿದ್ವಾಂಸನ ನಿಸ್ಪೃಹತೆಯನ್ನು ಹೊಗಳುವ ಭರದಲ್ಲಿ ಸಂಸ್ಥೆಗಳು ತಮ್ಮ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಈಚೆಗೆ ಹೆಚ್ಚಾಗಿದೆ. ಗೌರವ ಸಂಪಾದಕನೆಂಬ ಬಿರುದನ್ನು ಕೊಟ್ಟು, ಒಬ್ಬ ಬೆರಳಚ್ಚುಗಾರನನ್ನೂ ಕೊಡದಿರುವುದು ಗೌರವದ ಲಕ್ಷಣವಲ್ಲ. ಇದಕ್ಕೆ ವಿಪರೀತವಾಗಿ, ಅಧಿಕಾರದ ಪೀಠವನ್ನು ಬಿಡಲಾರದೆ ಸಮಿತಿಯಿಂದ ಸಮಿತಿಗೆ ಸುತ್ತುತ್ತ, ಕಿರಿಯರ ಎಡೆಯನ್ನು ತಡೆಯುವ ವಿಶ್ರಾಂತರೂ ಇಲ್ಲದಿಲ್ಲ. ಕೆಲಸವನ್ನು ಉಳಿಸಿಕೊಂಡು ಅಧಿಕಾರವನ್ನು ಬಿಡುವುದು ಬಹುಮಂದಿಗೆ ಕಷ್ಟವಾದ ವಿದ್ಯೆ.

ನಿಘಂಟು ಮುಗಿಯುವ ಮೊದಲೇ, ೧೯೯೧ರಲ್ಲಿ, ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಪ್ರಾರಂಭಿಸಿದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಓದುಗರು ಶಬ್ದಗಳನ್ನು ಕುರಿತು ಪ್ರಶ್ನೆಗಳನ್ನು ಬರೆದು ಕಳುಹಿಸುವುದು, ಇವರು ಅರ್ಥವನ್ನೂ ವ್ಯುತ್ಪತ್ತಿಯನ್ನೂ ಪ್ರಯೋಗವನ್ನೂ ತಿಳಿಸುವುದು, ಇಷ್ಟೇ ಅದರ ಕ್ರಮ. ಎಂಟು ಸಂಪುಟಗಳ ಕೋಶವನ್ನು ಕೊಂಡು ಮನೆಯಲ್ಲಿಡುವವರು ಎಷ್ಟು ಮಂದಿ? ಪತ್ರಿಕೆಯ ಒಂದು ಮೂಲೆಯನ್ನು ಓದುವವರಾದರೋ ಹಳ್ಳಿಹಳ್ಳಿಯಲ್ಲಿಯೂ ಇದ್ದರು. ಪ್ರಶ್ನೆಗಳಿಂದ ಕೋಶಕಾರನಿಗೂ ಲಾಭವುಂಟು. ಗ್ರಂಥದಲ್ಲಿ ಬಾರದ ಪದ, ಒಂದು ಸೀಮೆಯಲ್ಲಿ ಮಾತ್ರ ಉಳಿದ ಅರ್ಥ, ಹೊಸದಾಗಿ ಬಳಕೆಗೆ ಬಂದ ಎರವಲು ಇವೆಲ್ಲ ಅಂಚೆಯ ಮೂಲಕ ಮನೆಗೆ ಬರುವುವು. ಆ ಅಂಕಣದ ಬರೆಹಗಳು ಅನಂತರ ಪುಸ್ತಕಗಳಾದುವು. ‘ಎರವಲು ಪದಕೋಶ’, ‘ಮುದ್ದಣ ಪದಪ್ರಯೋಗಕೋಶ’ ಮೊದಲಾದುವನ್ನೂ ಅವರು ಸಿದ್ಧಪಡಿಸಿದರು. ೨೦೧೧ರಲ್ಲಿ ಬೆಂಗಳೂರಿನ ಎಪ್ಪತ್ತೇಳನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ೨೦೧೭ರಲ್ಲಿ ಪದ್ಮಶ್ರೀ ಇವು ತಡವಾಗಿ ಬಂದ ಮರ್ಯಾದೆಗಳು.

ಕೆಲಸಮಾಡಿದವನು ಹೋದ ಮೇಲೆ ಕಾಗದಪತ್ರಗಳ ಗತಿಯೇನು ಎಂಬುದು ಇಲ್ಲಿ ಎದುರಾಗುವ ಕಠಿನವಾದ ಪ್ರಶ್ನೆ. ಊರೂರಿನಲ್ಲಿ ಒಬ್ಬಿಬ್ಬರು ವಿಶ್ರಾಂತ ಉಪಾಧ್ಯಾಯರು ಓಲೆಗಳನ್ನು ಕೂಡಿಸುತ್ತಾರೆ, ಗಾದೆಗಳನ್ನು ಬರೆದಿಡುತ್ತಾರೆ, ದೇವಾಲಯದ ಕಲ್ಲನ್ನು ಓದಿ ಪ್ರತಿಮಾಡಿಕೊಳ್ಳುತ್ತಾರೆ. ಅವರು ಕಣ್ಮುಚ್ಚಿದ ಮೇಲೆ ಮನೆಯವರಿಗೆ ಅದು ಹಳೆಯ ಕಾಗದ. ಇದಕ್ಕೆ ಪರಿಹಾರವನ್ನು ಯೋಚಿಸಿದವರಲ್ಲಿ ಎಂ. ವಿ. ಸೀತಾರಾಮಯ್ಯನವರು ಸ್ಮರಣೀಯರು. ೧೯೧೦ರಲ್ಲಿ ಹುಟ್ಟಿದ ಅವರು ಎಪ್ಪತ್ತರ ಹೊಸ್ತಿಲಿನಲ್ಲಿ, ೧೯೭೯ರಲ್ಲಿ, ಬೆಂಗಳೂರಿನ ನರಸಿಂಹರಾಜ ಕಾಲೋನಿಯಲ್ಲಿರುವ ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಹಸ್ತಪ್ರತಿಗಳ ಸಂಗ್ರಹ, ಪುಸ್ತಕಭಂಡಾರ, ಪ್ರಕಟಣೆ, ತರಗತಿಗಳು ಇವುಗಳಿಂದ ಅದು ನಡೆದುಬಂದಿದೆ. ಬೆಳ್ಳೂರಿನ ಶ್ರೀಯವರ ಹೆಸರಿನಲ್ಲಿ, ವಿಶ್ರಾಂತರಾದ ಅಧ್ಯಾಪಕರೊಬ್ಬರು ಇತರರ ದುಡಿಮೆಯನ್ನು ಕಾಯುವ ಮನೆಯನ್ನು ಕಟ್ಟಿದುದು ಸೊಗಸಾಗಿದೆ. ಆದರೆ ಇಂಥ ಮನೆ ರಾಜಧಾನಿಯಲ್ಲಿ ಒಂದಿದ್ದರೆ ಸಾಲದು, ತಾಲ್ಲೂಕಿಗೊಂದು ಬೇಕು.

ತಾಲ್ಲೂಕಿನಲ್ಲಿ ಮಾಡತಕ್ಕ ಕೆಲಸವೇನುಂಟು ಎಂದು ಕೇಳುವವರಿಗೆ ಮಾಕವಳ್ಳಿಯ ಸೀಮೆಯನ್ನೇ ತೋರಿಸಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕರಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ತಾಲ್ಲೂಕುಗಳ ಶಾಸನಗಳಿವೆ, ನಾಗಮಂಗಲದವು ಏಳನೆಯದರಲ್ಲಿವೆ. ಕಿಕ್ಕೇರಿ, ಹೊಸಹೊಳಲು, ಗೋವಿಂದನಹಳ್ಳಿ, ತೊಣ್ಣೂರು, ಮೇಲುಕೋಟೆ, ಕಂಬದಹಳ್ಳಿಗಳ ದೇವಾಲಯ ಬಸದಿಗಳು ಪ್ರಸಿದ್ಧವಾದುವಾದರೂ, ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ಕೇಳುವವರಿಲ್ಲ. ಅಚ್ಚಾದ ಸಂಪುಟವನ್ನು ಕೈಯಲ್ಲಿ ಹಿಡಿದು ಒಂದೊಂದು ಗ್ರಾಮಕ್ಕೆ ಹೋಗಿ, ಯಾವ ಕಲ್ಲು ಇನ್ನೂ ಇದ್ದಲ್ಲಿಯೇ ಇದೆ, ಯಾವುದು ಸೇತುವೆಯ ಚಪ್ಪಡಿಯಾಗಿದೆ, ಯಾವ ಸಾಲು ಸವೆದಿದೆ, ಸಂಪುಟದಲ್ಲಿ ಸೇರದೆ ಉಳಿದುದೇನು ಎಂದು ಬರೆದಿಡುವುದಕ್ಕೆ ದೊಡ್ಡ ಪದವಿ ಬೇಕಾಗಿಲ್ಲ. ಹಳಗನ್ನಡ ಲಿಪಿಯ ಅಭ್ಯಾಸವೂ ನಡೆಯುವ ಶಕ್ತಿಯೂ ಬೇಕು. ಬಳಿಯ ಪ್ರೌಢಶಾಲೆಯ ಇಬ್ಬರು ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಪಾಠವೂ ಆದೀತು.

ಶಬ್ದಗಳ ಮಾತು ಇದಕ್ಕಿಂತ ಅವಸರದ್ದು. ಕಲ್ಲು ಕಾಯುವಷ್ಟು ಕಾಲ ಶಬ್ದ ಕಾಯುವುದಿಲ್ಲ. ಪರಿಷತ್ತಿನ ಕೋಶವು ಬಹುಮಟ್ಟಿಗೆ ಬರೆಹದಲ್ಲಿ ಬಂದ ಪದಗಳ ಮೇಲೆ ನಿಂತಿದೆ. ಒಕ್ಕಲುಮಕ್ಕಳ ಮಾತು ಅದರಲ್ಲಿ ಪೂರ್ತಿಯಾಗಿ ಬಂದಿರುವುದು ಸಾಧ್ಯವಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯವು ವೃತ್ತಿಪದಕೋಶಗಳನ್ನು ಹೊರಡಿಸಿ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದೆ. ಆದರೂ ಸೀಮೆಸೀಮೆಗೂ ಮಾತು ಬೇರೆ. ಮಾಕವಳ್ಳಿ ಕಬ್ಬಿನ ನಾಡು. ಅಲ್ಲಿ ಸಕ್ಕರೆಯ ಕಾರ್ಖಾನೆಯೂ ಉಂಟು. ಕಬ್ಬು ಲಾರಿಯನ್ನೇರಿ ಕಾರ್ಖಾನೆಗೆ ನೇರವಾಗಿ ಹೋದಷ್ಟೂ ಆಲೆಮನೆಯ ನುಡಿಗಟ್ಟು ಕುಗ್ಗುವುದು ಸಹಜ. ಗಾಣದಿಂದ ಇಳಿದ ರಸವನ್ನು ಆಲೆಮನೆಯವರು ಕಬ್ಬಿನ ಹಾಲೆನ್ನುವರು. ಕೊಪ್ಪರಿಗೆಯಲ್ಲಿ ಅದು ಕಾಯುವಾಗ ಒಂದೊಂದು ಹದಕ್ಕೂ ಒಂದೊಂದು ಮಾತು. ಹದ ನೋಡುವವನ ಕಣ್ಣಿನಲ್ಲಿರುವ ಭೇದಗಳೆಲ್ಲ ಅವನ ನಾಲಗೆಯ ಮೇಲೆಯೂ ಇರುವುವು. ಅಚ್ಚು ಬೆಲ್ಲ, ಉಂಡೆ ಬೆಲ್ಲಗಳೆಂಬ ಹೆಸರು ಪೇಟೆಯವರಿಗೂ ಗೊತ್ತು. ಅದರ ಹಿಂದಿನ ಮಾತುಗಳು ಗೊತ್ತಿಲ್ಲ.

ಗದ್ದೆಯಲ್ಲಿ ಕಟಾವಾದ ಬುಡದಿಂದ ಮತ್ತೆ ಚಿಗುರಿದ ಬೆಳೆಗೆ ಕೂಳೆಯೆಂದು ಹೆಸರು. ಕಬ್ಬಿನ ಮೇಲ್ತುದಿಯ ಗರಿಗಳಿಗೆ ಸೋಗೆಯೆಂದು ಹೆಸರು. ಹಳಗನ್ನಡ ಕಾವ್ಯದಲ್ಲಿ ಸೋಗೆಯೆಂದರೆ ನವಿಲಿನ ಗರಿಯ ಹರವು, ನವಿಲು ಎಂದೂ ಆಗುವುದು. ತರಗತಿಯಲ್ಲಿ ಆ ಪದಕ್ಕೆ ಅರ್ಥ ಹೇಳುವ ಅಧ್ಯಾಪಕನು ಕಿಟಕಿಯಿಂದಾಚೆ ಬಂಡಿಯ ಮೇಲೆ ಹೋಗುತ್ತಿರುವ ಸೋಗೆಯ ಹೊರೆಯನ್ನು ಕಂಡು ಎರಡನ್ನೂ ಕೂಡಿಸಿ ಹೇಳಿದರೆ ಮಕ್ಕಳಿಗೆ ಪದದ ಮೂಲವೇ ಕಣ್ಣಿಗೆ ಬಿದ್ದಂತಾಗುವುದು. ಗರಿಗರಿಯಾಗಿ ಹರಡಿ ಬಾಗಿದ ರೂಪ ಎರಡಕ್ಕೂ ಸಾಮಾನ್ಯ. ಆದರೆ ಮಾಕವಳ್ಳಿಯ ಸೋಗೆಯೂ ನಾಗಮಂಗಲದ ಮಳೆಯಾಶ್ರಯದ ಬಯಲಿನಲ್ಲಿ ತೆಂಗಿನ ಗರಿಗೆ ಹೇಳುವ ಮಾತೂ ಒಂದೆಯೆ, ಬೇರೆಯೆ. ಕೂಳೆಯ ಎರಡನೆಯ ಮೂರನೆಯ ಬೆಳೆಗೆ ಬೇರೆ ಹೆಸರುಂಟೆ. ಹಸುವಿಗೆ ಹಾಕುವ ಹಸಿಯ ಸೋಗೆಗೂ ಒಣಗಿ ಉದುರಿದುದಕ್ಕೂ ಮಾತಿನಲ್ಲಿ ಭೇದ ಹೇಗೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಬೆಂಗಳೂರಿನಲ್ಲಿ ಇಲ್ಲ. ಅದು ಎಂಬತ್ತು ದಾಟಿದ ಒಕ್ಕಲಿಗರ ಬಾಯಲ್ಲಿದೆ. ಅವರ ಜಗಲಿಯ ಮೇಲೆ ಕುಳಿತು ಕೇಳುವುದಕ್ಕೆ ಬೇಕಾದುದು ಅದೇ ಭಾಷೆಯನ್ನು ಆಡುವ, ಹೊತ್ತು ನೋಡದೆ ಕುಳಿತಿರಬಲ್ಲ, ಒಂದು ಚೀಟಿಗೆ ಒಂದೇ ಪದವನ್ನು ಬರೆದು ಕೆಳಗೆ ಗ್ರಾಮದ ಹೆಸರನ್ನೂ ತಾರೀಖನ್ನೂ ಹಾಕುವ ಶಿಸ್ತುಳ್ಳ ವ್ಯಕ್ತಿ. ನಾಲ್ಕು ತಾಲ್ಲೂಕುಗಳಲ್ಲಿಯೂ ವಿಶ್ರಾಂತ ಉಪಾಧ್ಯಾಯರು ನೂರಾರು ಮಂದಿ ಇದ್ದಾರೆ. ಅವರು ಬರೆದ ಚೀಟಿಗಳನ್ನು ತೆಗೆದುಕೊಂಡು ಜೋಡಿಸಿ ಕಾಯುವ ಪೆಟ್ಟಿಗೆ ಯಾವ ಸಂಸ್ಥೆಯಲ್ಲಿ ಇರಬೇಕೆಂಬುದು ಮಾತ್ರ ಇನ್ನೂ ನಿಶ್ಚಯವಾಗಬೇಕಾಗಿದೆ.